ತಾಳೆ

ಲೆಕ್ಕ ತಾಳೆ ನೋಡುವುದು, ತಾಳೆಯಾಗುವುದು: ಈ ‘ತಾಳೆ’ಗೂ ತಾಳೆಮರಕ್ಕೂ ನಂಟಿಲ್ಲ. ಮರಾಠಿಯ ‘ತಾಳಾ’ ಇದರ ಹತ್ತಿರದ ಬಂಧು. ಅದಕ್ಕೆ ಲೆಕ್ಕದ ಉತ್ತರವನ್ನು ಪರೀಕ್ಷಿಸಿ ನೋಡುವುದೆಂದು ಅರ್ಥ. ನಮ್ಮ ಸಹಕಾರ ಸಂಘಗಳ ‘ಅಢಾವೆ ಪತ್ರಿಕೆ’ಗೆ ಮರಾಠಿಗರು ‘ತಾಳೇಬಂದ’ ಎನ್ನುತ್ತಾರೆ.

ಕಾರ್ಖಾನೆಯಲ್ಲಿ ಖರೀದಿ ಆದೇಶ, ಸರಕು ಬಂದ ರಸೀದಿ, ಬಿಲ್ಲು ಮೂರೂ ತಾಳೆಯಾದರೆ ಮಾತ್ರ ಹಣ ಪಾವತಿಯಾಗಬೇಕು. ಸರಕು ಇಳಿಸಿಕೊಂಡವರೇ ಬಿಲ್ಲು ಪಾಸು ಮಾಡಕೂಡದು. ತಾಳೆ ತಪ್ಪಿದರೆ ಏನಾಗುತ್ತದೆ ನೋಡಿ: 2009ರಲ್ಲಿ ಬಯಲಾದ ಸತ್ಯಂ ಕಂಪನಿಯ ಹಗರಣದಲ್ಲಿ ಪುಸ್ತಕದಲ್ಲಿದ್ದ ಹಣ ಬ್ಯಾಂಕಿನಲ್ಲಿರಲಿಲ್ಲ. 2013ರ ಕಂಪನಿ ಕಾಯ್ದೆಯ 134ನೇ ಕಲಮು, ಹೀಗಾಗದಂತೆ ತಡೆಯುವ ಕಾವಲು ಸರಿಯಾಗಿದೆಯೆಂದು ಲಿಸ್ಟೆಡ್ ಕಂಪನಿಯ ನಿರ್ದೇಶಕರೇ ಬರೆದುಕೊಡಬೇಕೆನ್ನುತ್ತದೆ. ಈ ಕಾವಲಿಗೆ ಕಾಯ್ದೆ ಕೊಟ್ಟ ಹೆಸರಾದ ‘ಆಂತರಿಕ ಹಣಕಾಸು ನಿಯಂತ್ರಣ’ಕ್ಕಿಂತ ‘ತಾಳೆ ವ್ಯವಸ್ಥೆ’ ಎಂದರೆ ಷೇರುದಾರರಿಗೆ ಬೇಗ ತಿಳಿಯುತ್ತದೆ. ವಾರ್ಷಿಕ ವರದಿ ಬರೆಯುವವರು ಹಾಗೆಯೇ ಬರೆಯಲಿ.