ಲಾಭದ ಕಂಪನಿ, ನಷ್ಟದ ಕಂಪನಿ, ಒಂದೇ ತೆರಿಗೆ ಲೆಕ್ಕ

ಕೂಡು ಕುಟುಂಬದಲ್ಲಿ ಅಣ್ಣನ ಅಡಿಕೆಗೆ ಒಳ್ಳೆ ರೇಟು ಬಂತು, ತಮ್ಮನ ಈರುಳ್ಳಿ ಹೊಲದಲ್ಲೇ ಕೊಳೆಯಿತು ಅಂದುಕೊಳ್ಳಿ. ಇಬ್ಬರ ಲೆಕ್ಕ ಒಟ್ಟಿಗೆ ಹಾಕಿದರೆ ಮನೆಗೆ ಉಳಿಯುವುದು ಸ್ವಲ್ಪವೇ. ಅಮೆರಿಕದಲ್ಲಿ ದೊಡ್ಡ ಕಂಪನಿಗಳ ಗುಂಪುಗಳು ಹೀಗೇ ಒಟ್ಟು ಲೆಕ್ಕ ಕೊಟ್ಟು ತೆರಿಗೆ ಕಟ್ಟಬಹುದು. ತಾಯಿ ಕಂಪನಿ, ಮರಿ ಕಂಪನಿಗಳು ಎಲ್ಲ ಸೇರಿ ಒಂದೇ ರಿಟರ್ನ್. ಒಂದರ ನಷ್ಟ ಇನ್ನೊಂದರ ಲಾಭದಲ್ಲಿ ವಜಾ.

ಕೇಳಿದರೆ ಕಂಪನಿಗಳು ಬೇಡಿ ಪಡೆದ ಸವಲತ್ತು ಅನ್ನಿಸುತ್ತದೆ. ಶುರುವಾದದ್ದು ಉಲ್ಟಾ. ಕಂಪನಿಗಳ ಜಾಣತನ ತಡೆಯಲು ಸರ್ಕಾರವೇ ಹೇರಿದ ನಿಯಮ ಇದು.

1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿಯಿತು. ಖರ್ಚಿಗೆ ಹಣ ಬೇಕಲ್ಲ, ಹೆಚ್ಚುವರಿ ಲಾಭದ ಮೇಲೆ ತೆರಿಗೆ ಬಂತು. ಹೂಡಿದ ಬಂಡವಾಳಕ್ಕೆ ಹೋಲಿಸಿದರೆ ಲಾಭ ಎಷ್ಟು ಜಾಸ್ತಿಯೋ ದರವೂ ಅಷ್ಟು ಜಾಸ್ತಿ, ಶೇ 20ರಿಂದ ಶೇ 60ರವರೆಗೆ. ಈಗ ಒಬ್ಬನೇ ಮಾಲೀಕನ ಕೈಯಲ್ಲಿ ಒಂದು ಗಣಿ, ಒಂದು ಉಕ್ಕಿನ ಕಾರ್ಖಾನೆ ಇದೆ ಎನ್ನೋಣ. ಗಣಿ ತನ್ನ ಅದಿರನ್ನು ಆ ಕಾರ್ಖಾನೆಗೆ ಅಗ್ಗಕ್ಕೆ ಮಾರಿದರೆ ಗಣಿಯ ಲಾಭ ಕಾರ್ಖಾನೆಗೆ ಸರಿಯುತ್ತದೆ. ಕಾರ್ಖಾನೆಯ ಬಂಡವಾಳ ದೊಡ್ಡದು, ಹಾಗಾಗಿ ದರ ಕಡಿಮೆ. ಈ ದಾರಿ ಮುಚ್ಚಲು ತೆರಿಗೆ ಇಲಾಖೆ ಒಟ್ಟು ಲೆಕ್ಕ ಕೇಳಿತು. 1918ರ ಕಾಯ್ದೆ ಅದನ್ನು ಕಡ್ಡಾಯ ಮಾಡಿತು.

1922ರಿಂದ ಆ ತೆರಿಗೆಯೂ ಹೋಯಿತು, ಕಡ್ಡಾಯವೂ ಹೋಯಿತು. ಬೇಕಾದವರು ಒಟ್ಟು ರಿಟರ್ನ್ ಕೊಡಬಹುದು ಎಂದಾಯಿತು. ಬೇಕಾದವರು ಯಾರು? ಗುಂಪಿನಲ್ಲಿ ನಷ್ಟದ ಕಂಪನಿ ಇದ್ದವರು!

ನ್ಯೂ ಮೆಕ್ಸಿಕೋದ ಚಾರ್ಲ್ಸ್ ಇಲ್ಫೆಲ್ಡ್ ಎಂಬ ವ್ಯಾಪಾರಿ ಕಂಪನಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಎರಡು ಮರಿ ಕಂಪನಿಗಳ ನಷ್ಟ ಒಟ್ಟು ರಿಟರ್ನ್‌ನಲ್ಲಿ ಆಗಲೇ ವಜಾ ಆಗಿತ್ತು. ಆ ಕಂಪನಿಗಳು ಮುಚ್ಚಿದಾಗ, ಅವುಗಳಲ್ಲಿ ಹಾಕಿದ ದುಡ್ಡು ಮುಳುಗಿತು ಎಂದು ತಾಯಿ ಕಂಪನಿ ಮತ್ತೆ ವಜಾ ಕೇಳಿತು. ಕಳೆದದ್ದು ಒಂದೇ ದುಡ್ಡು, ಲೆಕ್ಕ ಮಾತ್ರ ಎರಡು ಸಲ. 1934ರಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಒಪ್ಪಲಿಲ್ಲ. ಕಾಯ್ದೆಯ ತೊಡಕು ಭಾಷೆಯೊಳಗೂ ಇಷ್ಟು ಸರಳ ವಿಷಯ ಕಂಡ ಈ ತೀರ್ಪು ನಮಗೆ ಹಿಡಿಸಿತು.

ಆ ವರ್ಷವೇ ಅಮೆರಿಕದ ಸಂಸತ್ತು ರೈಲ್ವೆ ಕಂಪನಿಗಳನ್ನು ಬಿಟ್ಟು ಉಳಿದವರಿಗೆ ಒಟ್ಟು ರಿಟರ್ನ್ ನಿಲ್ಲಿಸಿತು. ಆರ್ಥಿಕ ಕುಸಿತದ ಕಾಲ, ಖಜಾನೆ ಖಾಲಿ. ಮತ್ತೊಂದು ಯುದ್ಧ ಬಂದಾಗ, 1942ರಲ್ಲಿ, ಪದ್ಧತಿ ಮರಳಿತು, ಆದರೆ ಪುಕ್ಕಟೆ ಅಲ್ಲ. ಒಟ್ಟು ರಿಟರ್ನ್ ಕೊಡುವವರು ಶೇ 2ರಷ್ಟು ಹೆಚ್ಚು ತೆರಿಗೆ ಕಟ್ಟಬೇಕಿತ್ತು. 1964ರ ಕಾಯ್ದೆ ಅದನ್ನೂ ತೆಗೆಯಿತು. ಹೇರಿದ್ದನ್ನು ಬೇಡುವವರು, ಬೇಡಿದ್ದಕ್ಕೆ ದಂಡ ಕಟ್ಟುವವರು, ಕೊನೆಗೆ ದಂಡವೂ ಇಲ್ಲ!

ಈಗ ಅಲ್ಲಿ ಗುಂಪಿಗೆ ಸೇರಲು ಮರಿ ಕಂಪನಿಯ ಕನಿಷ್ಠ ಶೇ 80ರಷ್ಟು ಪಾಲು ಗುಂಪಿನ ಕೈಯಲ್ಲಿರಬೇಕು. ನಮ್ಮೂರ ಸ್ವಸಹಾಯ ಸಂಘದ ಸಾಲದ ಹಾಗೆ, ಇಡೀ ಗುಂಪಿನ ತೆರಿಗೆ ಬಾಕಿಗೆ ಪ್ರತಿ ಕಂಪನಿಯೂ ಹೊಣೆ. ಈ ಷರತ್ತು ಕಂಪನಿ ಕೊಳ್ಳುವವರ ನಿದ್ದೆ ಕೆಡಿಸುತ್ತದೆ, ಯಾಕೆಂದರೆ ಕೊಂಡ ಕಂಪನಿಯ ಹಿಂದೆ ಹಳೆ ಗುಂಪಿನ ಬಾಕಿಯೂ ಬರಬಹುದು.

ನಮ್ಮ ದೇಶದಲ್ಲಿ ಕಂಪನಿ ಗುಂಪುಗಳಿಗೆ ಒಟ್ಟು ರಿಟರ್ನ್ ಇಲ್ಲ. ಪ್ರತಿ ಕಂಪನಿಯದ್ದೂ ಬೇರೆ ಲೆಕ್ಕ. ನಷ್ಟದ ಕಂಪನಿಯನ್ನು ಇನ್ನೊಂದರಲ್ಲಿ ವಿಲೀನ ಮಾಡಿದರೆ, ಕೆಲವು ಬಗೆಯ ಉದ್ಯಮಗಳಿಗೆ ಷರತ್ತುಗಳ ಮೇಲೆ ಹಳೆ ನಷ್ಟ ಮುಂದಕ್ಕೆ ಒಯ್ಯಲು ಕಾಯ್ದೆ ಬಿಡುತ್ತದೆ.