ಹಳೆಯ ಜೀಪಿನಲ್ಲಿ ‘ಟಕ್’ ಸದ್ದು: ದೋಷ ಪತ್ತೆ ಹಚ್ಚುವುದು ಹೇಗೆ?

ಗೇರ್ ಹಾಕಿ ಕ್ಲಚ್ ಬಿಟ್ಟೊಡನೆ ಆಸನದ ಕೆಳಗೆಲ್ಲೋ ‘ಟಕ್’ ಎಂಬ ಸದ್ದು. ರಿವರ್ಸ್ ಗೇರಿಗೆ ಬದಲಾಯಿಸಿದರೆ ಮತ್ತೊಮ್ಮೆ ಅದೇ ಸದ್ದು. ಹಳೆಯ ಮಹೀಂದ್ರ ಜೀಪು ಅಥವಾ ಮಾರುತಿ ಜಿಪ್ಸಿ ಇಟ್ಟುಕೊಂಡವರಿಗೆ ಇದು ಅಪರಿಚಿತವೇನಲ್ಲ. ಕೊಡಗು, ಚಿಕ್ಕಮಗಳೂರು, ಸಕಲೇಶಪುರದ ಕಾಫಿ ತೋಟಗಳ ಏರುದಾರಿಗಳಲ್ಲಿ ದುಡಿದು ಹಣ್ಣಾದ ಇಂತಹ ಫೋರ್ ವೀಲ್ ಡ್ರೈವ್ ವಾಹನಗಳನ್ನು ನಗರವಾಸಿಗಳೂ ಆಸೆಪಟ್ಟು ಕೊಳ್ಳುವುದುಂಟು. ಸದ್ದು ಕೇಳಿದಾಗ ಕೆಲವರು ‘ಹಳೇ ಗಾಡಿ, ಇದೆಲ್ಲ ಇದ್ದದ್ದೇ’ ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರು ಗ್ಯಾರೇಜಿನವರ ಮಾತಿಗೆ ತಲೆಯಾಡಿಸಿ, ಹಿಂದಿನ ಹೌಸಿಂಗ್ ಬಿಚ್ಚಿಸಿ ಕ್ರೌನ್-ಪಿನಿಯನ್ನನ್ನೇ ಬದಲಾಯಿಸುತ್ತಾರೆ. ಮೊದಲನೆಯದು ಅಪಾಯಕಾರಿ. ಎರಡನೆಯದು ಅನೇಕ ವೇಳೆ ಅನಗತ್ಯ. ಸದ್ದು ಯಾವಾಗ ಬರುತ್ತದೆ ಎಂಬುದನ್ನು ಗಮನಿಸಿದರೆ ಅದು ಎಲ್ಲಿಂದ ಬರುತ್ತದೆ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ.

ಎಂಜಿನ್ನಿನ ಶಕ್ತಿ ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಪ್ರೊಪೆಲ್ಲರ್ ಶಾಫ್ಟ್, ಡಿಫರೆನ್ಷಿಯಲ್, ಆಕ್ಸಲ್ ಎಂಬ ಹಾದಿಯಲ್ಲಿ ಚಕ್ರವನ್ನು ತಲುಪುತ್ತದೆ. ಹಾದಿಯ ಪ್ರತಿಯೊಂದು ಕೂಡುವಿಕೆಯಲ್ಲೂ ಕೂದಲೆಳೆಯಷ್ಟು ಸಡಿಲವಿರುತ್ತದೆ. ಮೆಕ್ಯಾನಿಕ್‌ಗಳು ಇದನ್ನು ‘ಪ್ಲೇ’ ಎನ್ನುತ್ತಾರೆ. ವಾಹನ ಹಳೆಯದಾದಂತೆ ಈ ಸಡಿಲಗಳೆಲ್ಲ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ವಿಲ್ಲೀಸ್ ಸಿಜೆ-3ಬಿ ಜೀಪಿನ ಕ್ರೌನ್-ಪಿನಿಯನ್ ಅನುಪಾತ 5.38. ಎಂದರೆ ಚಕ್ರದ ಬದಿಯಲ್ಲಿ ಒಂದು ಡಿಗ್ರಿ ಸಡಿಲವಿದ್ದರೆ ಪ್ರೊಪೆಲ್ಲರ್ ಶಾಫ್ಟಿನಲ್ಲಿ ಅದು ಐದು ಡಿಗ್ರಿಗೂ ಮೀರಿ ಕಾಣಿಸುತ್ತದೆ. ಶಾಫ್ಟನ್ನು ಕೈಯಲ್ಲಿ ಹಿಡಿದು ಅಲ್ಲಾಡಿಸಿ ‘ಕ್ರೌನ್ ಹೋಗಿದೆ’ ಎಂದು ತೀರ್ಪು ಕೊಡುವವರು ಈ ಲೆಕ್ಕವನ್ನು ಮರೆಯುತ್ತಾರೆ. ಹಳೆಯ ಜೀಪಿನಲ್ಲಿ ಅಷ್ಟಿಷ್ಟು ಅಲುಗಾಟ ಸಹಜ.

ಮೊದಲು ಸುರಕ್ಷತೆ

ವಾಹನದ ಕೆಳಗೆ ಇಳಿಯುವ ಮುನ್ನ ಒಂದು ಮಾತು. ಹಳೆಯ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕ್ ಇರುವುದು ಚಕ್ರದಲ್ಲಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂಬದಿಯಲ್ಲಿ. ಅದು ಹಿಡಿಯುವುದು ಪ್ರೊಪೆಲ್ಲರ್ ಶಾಫ್ಟನ್ನು. ಹಿಂದಿನ ಒಂದು ಚಕ್ರವನ್ನು ಜಾಕ್ ಕೊಟ್ಟು ಎತ್ತಿದ ಕ್ಷಣವೇ ಈ ಬ್ರೇಕ್ ಇದ್ದೂ ಇಲ್ಲದಂತಾಗುತ್ತದೆ. ಶಾಫ್ಟ್ ನಿಂತಿದ್ದರೂ ಡಿಫರೆನ್ಷಿಯಲ್ಲಿನ ಮೂಲಕ ಎತ್ತಿದ ಚಕ್ರ ಒಂದು ದಿಕ್ಕಿಗೆ, ನೆಲದ ಮೇಲಿನ ಚಕ್ರ ಇನ್ನೊಂದು ದಿಕ್ಕಿಗೆ ತಿರುಗಬಲ್ಲವು, ಜೀಪು ಉರುಳಬಲ್ಲದು. ಶಾಫ್ಟ್ ಬಿಚ್ಚಿದರೂ ಇದೇ ಗತಿ. ಆದ್ದರಿಂದ ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಚಕ್ರಗಳ ಹಿಂದೆ ಮುಂದೆ ಮರದ ದಿಮ್ಮಿ ಒಡ್ಡಿದ ಬಳಿಕವೇ ಕೆಳಗಿಳಿಯಬೇಕು. ಮುಂದೆ ಹೇಳುವ ಪರೀಕ್ಷೆಗಳಲ್ಲಿ ಹೆಚ್ಚಿನವಕ್ಕೆ ಜಾಕ್ ಬೇಕಾಗಿಯೇ ಇಲ್ಲ.

ಸದ್ದಿನ ಸಮಯ

ವಾಹನ ನಿಂತ ಮರುಕ್ಷಣ ಅಥವಾ ನಿಂತಲ್ಲಿಂದ ಹೊರಡುವಾಗ ಒಂದೇ ಒಂದು ‘ಟಕ್’ ಬಂದು, ಆಮೇಲೆ ಎಲ್ಲವೂ ಸರಿಯಿದ್ದರೆ ಮೊದಲು ಅನುಮಾನಿಸಬೇಕಾದದ್ದು ಸ್ಲಿಪ್ ಜಾಯಿಂಟನ್ನು. ಲೀಫ್ ಸ್ಪ್ರಿಂಗುಗಳು ಮೇಲೆ ಕೆಳಗೆ ಆಡುವಾಗ ಟ್ರಾನ್ಸ್‌ಫರ್ ಕೇಸಿಗೂ ಆಕ್ಸಲ್ಲಿಗೂ ನಡುವಿನ ಅಂತರ ಬದಲಾಗುತ್ತದೆ. ಅದಕ್ಕೆ ತಕ್ಕಂತೆ ಪ್ರೊಪೆಲ್ಲರ್ ಶಾಫ್ಟ್ ಉದ್ದವಾಗಿ, ಗಿಡ್ಡವಾಗಿ ಹೊಂದಿಕೊಳ್ಳಲು ಹಲ್ಲುಗಳಿರುವ ಎರಡು ಭಾಗಗಳು ಒಂದರೊಳಗೊಂದು ಜಾರುತ್ತವೆ. ಅಲ್ಲಿ ಗ್ರೀಸ್ ಒಣಗಿದರೆ ಅವು ಸರಾಗವಾಗಿ ಜಾರದೆ ಕಚ್ಚಿಕೊಂಡು, ಒಮ್ಮೆಲೇ ಬಿಟ್ಟುಕೊಳ್ಳುತ್ತವೆ. ಆ ಸದ್ದು ಕ್ಯಾಬಿನ್ನಿಗೆ ಸುತ್ತಿಗೆ ಏಟಿನಂತೆ ಕೇಳಿಸುತ್ತದೆ. ಪರಿಹಾರವೆಂದರೆ ಗ್ರೀಸ್ ಗನ್ನಿನ ನಾಲ್ಕೈದು ಒತ್ತು. ಇಡೀ ಪಟ್ಟಿಯಲ್ಲಿ ಇದಕ್ಕಿಂತ ಅಗ್ಗದ ರಿಪೇರಿ ಇಲ್ಲ, ಆದರೂ ಇದನ್ನು ಕೊನೆಗೆ ನೋಡುವ ರೂಢಿ ನಮ್ಮಲ್ಲಿದೆ! ಗ್ರೀಸ್ ಹಾಕಿದ ನಂತರ ಸದ್ದು ನಿಂತರೆ ರೋಗವೂ ತಿಳಿಯಿತು, ಔಷಧಿಯೂ ಆಯಿತು. ಸ್ವಲ್ಪ ದಿನಕ್ಕೇ ಮರುಕಳಿಸಿದರೆ ಹಲ್ಲುಗಳೇ ಸವೆದಿವೆ ಎಂದರ್ಥ.

ಆಕ್ಸಿಲರೇಟರ್ ಒತ್ತಿದಾಗ ಒಮ್ಮೆ, ಬಿಟ್ಟಾಗ ಒಮ್ಮೆ ಸದ್ದು ಬರುತ್ತಿದ್ದರೆ ಗುಮಾನಿ ಯೂನಿವರ್ಸಲ್ ಜಾಯಿಂಟಿನ ಮೇಲೆ. ಗ್ಯಾರೇಜುಗಳಲ್ಲಿ ಇದರ ಹೆಸರು ‘ಕ್ರಾಸ್’. ಕೂಡಿಸುವ ಚಿಹ್ನೆಯ ಆಕಾರದ ಉಕ್ಕಿನ ತುಂಡಿನ ನಾಲ್ಕು ತುದಿಗಳಿಗೆ ಬಟ್ಟಲಿನಂತಹ ಟೊಪ್ಪಿಗೆಗಳಿರುತ್ತವೆ. ಅವುಗಳೊಳಗೆ ಸೂಜಿಯಂತಹ ಬೇರಿಂಗುಗಳು. ಹೊಳೆ, ಕೆಸರು ದಾಟಿದ ವಾಹನಗಳಲ್ಲಿ ನೀರು ಒಳಸೇರಿ ಇವು ಬೇಗ ಹಾಳಾಗುತ್ತವೆ. ಟೊಪ್ಪಿಗೆಯ ಸುತ್ತ ಕುಂಕುಮದಂತಹ ತುಕ್ಕಿನ ಪುಡಿ ಕಂಡರೆ ಒಳಗೆ ಗ್ರೀಸ್ ಇಲ್ಲವೆಂದು ತಿಳಿಯಬೇಕು. ನಿಧಾನವಾಗಿ ಚಲಿಸುವಾಗ ಹಕ್ಕಿ ಕೂಗಿದಂತೆ ‘ಕಿಚ್ ಕಿಚ್’ ಎನ್ನುವುದೂ ಇದರ ಮುನ್ಸೂಚನೆಯೇ. ಪರೀಕ್ಷೆ ಸರಳ. ಜಾಯಿಂಟಿನ ಆಚೆಗೊಂದು ಕೈ, ಈಚೆಗೊಂದು ಕೈ ಇಟ್ಟು ವಿರುದ್ಧ ದಿಕ್ಕಿಗೆ ತಿರುಚಬೇಕು, ಮೇಲೆ ಕೆಳಗೆ ಅಲುಗಿಸಬೇಕು. ಗೇರುಗಳಲ್ಲಿ ಸ್ವಲ್ಪ ಪ್ಲೇ ಒಪ್ಪಬಹುದು, ಕ್ರಾಸಿನಲ್ಲಿ ಕಣ್ಣಿಗೆ ಕಾಣುವಷ್ಟು ಪ್ಲೇ ಒಪ್ಪುವಂತಿಲ್ಲ. ಜಿಪ್ಸಿಯಲ್ಲಿ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನಿಂದ ಬೇರೆಯಾಗಿ ಕೂತಿರುವುದರಿಂದ ನಡುವೆ ಇನ್ನೊಂದು ಗಿಡ್ಡ ಶಾಫ್ಟ್ ಇದೆ. ಹಿಂದು ಮುಂದಿನ ಶಾಫ್ಟ್ ನೋಡಿ ಅದನ್ನು ಮರೆತುಬಿಡುವವರೇ ಹೆಚ್ಚು.

ಕ್ರಾಸನ್ನು ನಿರ್ಲಕ್ಷಿಸುವುದು ಹಣದ ಪ್ರಶ್ನೆ ಮಾತ್ರವಲ್ಲ. ಓಡುವಾಗ ಅದು ಮುರಿದರೆ ಶಾಫ್ಟ್ ಕಳಚಿ ಬೀಸಾಡುತ್ತದೆ. ಮುಂತುದಿ ಬಿದ್ದರೆ ರಸ್ತೆಗೆ ನಾಟಿಕೊಳ್ಳುವ ಸಾಧ್ಯತೆಯೂ ಉಂಟು. ಘಾಟಿಯ ಇಳಿಜಾರಿನಲ್ಲಿ ಹಿಂದಿನ ಶಾಫ್ಟ್ ಕಳಚಿದರೆ ಹಿಂಚಕ್ರಗಳಿಗೆ ಎಂಜಿನ್ನಿನ ಹಿಡಿತ ತಪ್ಪುತ್ತದೆ. ಮೇಲೆ ಹೇಳಿದ ಜೀಪುಗಳಲ್ಲಾದರೆ ಹ್ಯಾಂಡ್‌ಬ್ರೇಕೂ ಅದರೊಂದಿಗೇ ಹೋಗುತ್ತದೆ. ಕಾಲಿನ ಬ್ರೇಕೊಂದೇ ಗತಿ.

ಉಳಿದವು

ಕ್ಲಚ್ ಬಿಡುವಾಗ ಸದ್ದಿನೊಂದಿಗೆ ಗೇರ್ ಲಿವರ್ ಜಿಗಿದರೆ ಎಂಜಿನ್, ಗೇರ್‌ಬಾಕ್ಸ್ ಅಥವಾ ಟ್ರಾನ್ಸ್‌ಫರ್ ಕೇಸಿನ ರಬ್ಬರ್ ಮೌಂಟಿಂಗ್ ಹರಿದಿರಬಹುದು. ಹಿಂದಿನ ಆಕ್ಸಲ್ಲೇ ಕದಲಿದಂತೆ ಅನ್ನಿಸಿದರೆ ಸ್ಪ್ರಿಂಗಿನ ಯೂ-ಬೋಲ್ಟ್ ಮತ್ತು ಶ್ಯಾಕಲ್ ಬುಷ್ ನೋಡಬೇಕು.

ಫೋರ್ ವೀಲ್ ಹಾಕಿ ಡಾಂಬರು ರಸ್ತೆಯಲ್ಲಿ ತಿರುಗಿಸುವಾಗ ಮಾತ್ರ ‘ಟಕ್ ಟಕ್’ ಬರುತ್ತಿದ್ದರೆ ತಪ್ಪು ಚಾಲಕನದೇ ಇರಬಹುದು. ತಿರುವಿನಲ್ಲಿ ಮುಂಚಕ್ರ ಹಿಂಚಕ್ರಗಳು ಬೇರೆ ಬೇರೆ ದೂರ ಕ್ರಮಿಸುತ್ತವೆ. ಇಂತಹ ವಾಹನಗಳಲ್ಲಿ ಆ ವ್ಯತ್ಯಾಸವನ್ನು ನುಂಗಿಕೊಳ್ಳಲು ನಡುವೆ ಡಿಫರೆನ್ಷಿಯಲ್ ಇಲ್ಲದ ಕಾರಣ ಶಾಫ್ಟುಗಳು ತಿರುಚಿಕೊಂಡು ಬಿಗಿಯುತ್ತವೆ. ಕೆಸರಿನಲ್ಲಿ ಚಕ್ರ ಜಾರಿ ಬಿಗಿ ಸಡಿಲವಾಗುತ್ತದೆ, ಡಾಂಬರಿನಲ್ಲಿ ಆಗುವುದಿಲ್ಲ. ಮಣ್ಣಿನ ದಾರಿಯಲ್ಲೂ ತಿರುವಿನಲ್ಲಿ ಸದ್ದು ಬಂದರೆ ಮುಂದಿನ ಆಕ್ಸಲ್ಲಿನ ತುದಿಯ ಜಾಯಿಂಟ್ ಸವೆದಿದೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಡಿಫರೆನ್ಷಿಯಲ್ಲಿನ ಸರದಿ. ಬಿಚ್ಚುವ ಮೊದಲು ಆಯಿಲ್ ಇಳಿಸಿ ನೋಡುವುದು ಲೇಸು. ಬೂದು ಬಣ್ಣದ ನುಣುಪಾದ ಕೆಸರು ಸಾಮಾನ್ಯ ಸವೆತ. ಕೈಗೆ ಸಿಗುವಂತಹ ಲೋಹದ ಚೂರುಗಳು ಹಲ್ಲು ಮುರಿದ ಲಕ್ಷಣ. ಪಿನಿಯನ್ ಫ್ಲ್ಯಾಂಜ್ ಮೇಲೆ ಕೆಳಗೆ ಅಲ್ಲಾಡಿದರೆ ಬೇರಿಂಗ್ ಹೋಗಿದೆ.

ಕ್ರಾಸ್ ಬದಲಿಸಲು ಶಾಫ್ಟ್ ಬಿಚ್ಚಿಸುವಾಗ ಸ್ಲಿಪ್ ಜಾಯಿಂಟಿನ ಎರಡೂ ಭಾಗಗಳ ಮೇಲೆ ಒಂದೇ ಗೆರೆಯಲ್ಲಿ ಬಣ್ಣದ ಗುರುತು ಹಾಕಿಸಬೇಕು. ಕೆಲವು ಶಾಫ್ಟುಗಳಲ್ಲಿ ಬಾಣದ ಗುರುತು ಮೊದಲೇ ಇರುತ್ತದೆ. ಎರಡೂ ತುದಿಯ ಕವಲುಗಳು ಒಂದೇ ಸಮತಲದಲ್ಲಿ ಬರದೆ ಹಲ್ಲು ತಪ್ಪಿ ಕೂತರೆ, ‘ಟಕ್’ ಹೋಗಿ ಅದರ ಜಾಗದಲ್ಲಿ ವೇಗಕ್ಕೆ ತಕ್ಕಂತೆ ಏರುವ ನಡುಕ ಆರಂಭವಾಗುತ್ತದೆ. ರಿಪೇರಿಯಾದ ದಿನವೇ ಹೊಸ ನಡುಕ ಕಾಣಿಸಿದರೆ ಅದೇ ಗ್ಯಾರೇಜಿಗೆ ಮರಳಿ ಮೊದಲು ಈ ಗುರುತನ್ನು ನೋಡುವಂತೆ ಹೇಳಬೇಕು.