ಹ್ಯಾಬ್ಸ್‌ಬರ್ಗ್ ರಾಜವಂಶದ ಏಳುಬೀಳು

ಖಡ್ಗಬಲದಿಂದ ರಾಜ್ಯ ಕಟ್ಟಿದ ವಂಶಗಳು ಇತಿಹಾಸದಲ್ಲಿ ಅನೇಕ. ಯೂರೋಪಿನ ಹ್ಯಾಬ್ಸ್‌ಬರ್ಗ್ ವಂಶವಾದರೋ ಯುದ್ಧಭೂಮಿಗಿಂತ ಹೆಚ್ಚಾಗಿ ವಿವಾಹಮಂಟಪದಲ್ಲಿ ಬೆಳೆಯಿತು. ಸುಮಾರು ಆರೂವರೆ ಶತಮಾನಗಳ ಅದರ ವೈಭವವೂ ಅವಸಾನವೂ ವಿಚಾರವಂತರು ಮನನ ಮಾಡತಕ್ಕ ವಿಷಯಗಳಾಗಿವೆ.

ಇಂದಿನ ಸ್ವಿಟ್ಜರ್ಲೆಂಡಿನ ಒಂದು ಸಣ್ಣ ಕೋಟೆಯಿಂದ ಈ ಮನೆತನಕ್ಕೆ ಹೆಸರು ಬಂದಿತು. 1273ರಲ್ಲಿ ಈ ಮನೆತನದ ರುಡಾಲ್ಫನನ್ನು ಜರ್ಮನ್ ಪ್ರಭುಗಳು ತಮ್ಮ ರಾಜನನ್ನಾಗಿ ಆರಿಸಿದರು. ಆತನು 1278ರಲ್ಲಿ ಬೊಹೀಮಿಯದ ದೊರೆಯನ್ನು ಸೋಲಿಸಿ, 1282ರಲ್ಲಿ ಆಸ್ಟ್ರಿಯವನ್ನು ತನ್ನ ಮಕ್ಕಳಿಗೆ ವಹಿಸಿಕೊಟ್ಟನು. ಮುಂದಿನ ಬೆಳವಣಿಗೆಯೆಲ್ಲ ಬಹುಮಟ್ಟಿಗೆ ನಂಟಸ್ತಿಕೆಯ ಫಲ. 1477ರಲ್ಲಿ ಮ್ಯಾಕ್ಸಿಮಿಲಿಯನ್ ಬರ್ಗಂಡಿಯ ಉತ್ತರಾಧಿಕಾರಿಣಿ ಮೇರಿಯ ಕೈಹಿಡಿದನು. ಅವರ ಮಗ ಫಿಲಿಪ್ 1496ರಲ್ಲಿ ಸ್ಪೇನಿನ ರಾಜಕುಮಾರಿ ಹ್ವಾನಾಳನ್ನು ವರಿಸಿದನು. ಇವರಿಬ್ಬರ ಮಗನಾದ ಐದನೆಯ ಚಾರ್ಲ್ಸನಿಗೆ ಅಜ್ಜನಿಂದ ಆಸ್ಟ್ರಿಯ, ಅಜ್ಜಿಯಿಂದ ನೆದರ್ಲೆಂಡ್ಸ್, ತಾಯಿಯ ಕಡೆಯಿಂದ ಸ್ಪೇನ್ ಮತ್ತು ಅದರ ಅಮೆರಿಕದ ವಸಾಹತುಗಳು ದೊರೆತವು. 1519ರಲ್ಲಿ ಚಕ್ರವರ್ತಿಪದವಿಯೂ ಒಲಿಯಿತು. ಆದರೆ ಇಷ್ಟೆಲ್ಲವನ್ನೂ ಪಡೆದ ಆತನೇ ಭಾರ ಹೊರಲಾರದೆ ಬಳಲಿ, ರಾಜ್ಯವನ್ನು ಮಗನಿಗೂ ತಮ್ಮನಿಗೂ ಹಂಚಿ, ಸ್ಪೇನಿನ ಯುಸ್ತೆ ಮಠದ ಮಗ್ಗುಲಲ್ಲಿ ನೆಲೆಸಿ, 1558ರಲ್ಲಿ ತೀರಿಕೊಂಡನು.

ಬೆಳೆಸಿದ ವಿವಾಹನೀತಿಯೇ ಒಂದು ಶಾಖೆಗೆ ಮುಳುವಾಯಿತು. ಪಡೆದ ರಾಜ್ಯ ಪರರ ಪಾಲಾಗಬಾರದೆಂದು ಸ್ಪೇನಿನ ದೊರೆಗಳು ತಲೆತಲಾಂತರವಾಗಿ ತಮ್ಮ ರಕ್ತಸಂಬಂಧಿಗಳಲ್ಲಿಯೇ ಮದುವೆಯಾದರು. ಎರಡನೆಯ ಚಾರ್ಲ್ಸನ ತಾಯಿ ಆತನ ತಂದೆಗೆ ಸ್ವಂತ ಸೋದರಿಯ ಮಗಳು. ಹುಟ್ಟಿನಿಂದಲೇ ರೋಗಪೀಡಿತನಾದ ಈ ದೊರೆ 1700ರಲ್ಲಿ ನಿಸ್ಸಂತಾನನಾಗಿ ಗತಿಸಿದನು. ಆತನು ಬಿಟ್ಟುಹೋದ ಸಿಂಹಾಸನಕ್ಕಾಗಿ ಯೂರೋಪು ಹದಿಮೂರು ವರ್ಷಗಳ ಕಾಲ ರಕ್ತ ಸುರಿಸಿತು.

ಆಸ್ಟ್ರಿಯದ ಶಾಖೆ ಉಳಿಯಿತು. ಅಲ್ಲಿ ಪ್ರಜಾಹಿತವನ್ನು ಬಯಸಿದವರೂ ಇದ್ದರು. ಮರಿಯ ತೆರೇಸ 1774ರಲ್ಲಿ ಎಲ್ಲ ಮಕ್ಕಳಿಗೂ ಶಾಲಾಶಿಕ್ಷಣವನ್ನು ವಿಧಿಸಿದಳು. ಆಕೆಯ ಮಗ ಎರಡನೆಯ ಜೋಸೆಫ್ 1781ರಲ್ಲಿ ರೈತರನ್ನು ಜೀತಬಂಧನದಿಂದ ಬಿಡಿಸತೊಡಗಿದನು, ಅನ್ಯಪಂಥೀಯರಿಗೆ ಪೂಜಾಸ್ವಾತಂತ್ರ್ಯವನ್ನಿತ್ತನು. ಅಂತಹವನೇ 1784ರಲ್ಲಿ ಹಂಗೇರಿಯ ಆಡಳಿತಕ್ಕೆ ಜರ್ಮನ್ ಭಾಷೆಯನ್ನು ಹೇರಿದನು. ಜನ ಕೆರಳಿದರು. 1790ರಲ್ಲಿ ಮರಣಶಯ್ಯೆಯಿಂದಲೇ ಅವನು ಹಂಗೇರಿಯ ಮೇಲಿನ ತನ್ನ ಬಹುಪಾಲು ಆಜ್ಞೆಗಳನ್ನು ಹಿಂತೆಗೆದುಕೊಳ್ಳಬೇಕಾಯಿತು. ಪ್ರಜೆಗಳಿಗೆ ಹಿತವನ್ನು ಮಾಡಿದರೂ ಅವರ ನುಡಿಯನ್ನು ಗೌರವಿಸದ ಆಳಿಕೆ ನಿಲ್ಲದೆಂಬ ಈ ಪಾಠವನ್ನು ಅವನ ವಂಶಜರು ಅರೆಮನಸ್ಸಿನಿಂದ ಕಲಿತರು.

1848ರಲ್ಲಿ ಹದಿನೆಂಟರ ಹರೆಯದಲ್ಲಿ ಪಟ್ಟವೇರಿದ ಫ್ರಾನ್ಜ್ ಜೋಸೆಫ್ ಅರುವತ್ತೆಂಟು ವರ್ಷ ಆಳಿದನು. ಹತ್ತಕ್ಕೂ ಹೆಚ್ಚು ಭಾಷೆಗಳನ್ನಾಡುವ ಸುಮಾರು 5 ಕೋಟಿ ಜನ ಕೊನೆಗಾಲದಲ್ಲಿ ಆತನ ಪ್ರಜೆಗಳಾಗಿದ್ದರು. 1866ರಲ್ಲಿ ಪ್ರಷ್ಯದೆದುರು ಸೋತ ಮೇಲೆ, 1867ರಲ್ಲಿ ಆತನು ಹಂಗೇರಿಯನ್ನರಿಗೆ ಸಮಪಾಲು ಕೊಟ್ಟನು. ಚೆಕ್ಕರು ಮೊದಲಾದ ಸ್ಲಾವ್ ಜನರಿಗೆ ಆ ಪಾಲು ದೊರೆಯಲಿಲ್ಲ. ಅತೃಪ್ತಿ ಒಳಗೊಳಗೇ ಹೊಗೆಯಾಡಿತು. 1914ರ ಜೂನ್ 28ರಂದು ಸರಾಯೆವೊ ನಗರದಲ್ಲಿ ಯುವರಾಜನ ಕೊಲೆಯಾಯಿತು. ತಿಂಗಳೊಳಗೆ ಮುದಿಚಕ್ರವರ್ತಿ ಸೆರ್ಬಿಯದ ಮೇಲೆ ಯುದ್ಧ ಸಾರಿದನು. ಅದು ಮಹಾಯುದ್ಧವಾಗಿ ಸಾಮ್ರಾಜ್ಯವನ್ನೇ ನುಂಗಿತು. 1918ರ ನವೆಂಬರ್ 11ರಂದು ಕೊನೆಯ ಚಕ್ರವರ್ತಿ ಕಾರ್ಲ್ ರಾಜ್ಯಭಾರದಿಂದ ಹಿಂದೆ ಸರಿದನು. ಗಡೀಪಾರಾಗಿ, ಮದೀರ ದ್ವೀಪದಲ್ಲಿ 1922ರಲ್ಲಿ, ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಕಣ್ಮುಚ್ಚಿದನು.

ಕಾರ್ಲನ ಮಗ ಆಟೊ 1961ರಲ್ಲಿ ಸಿಂಹಾಸನದ ಹಕ್ಕನ್ನು ತೊರೆದು, ಮುಂದೆ ಯೂರೋಪಿನ ಸಂಸತ್ತಿನಲ್ಲಿ ಚುನಾಯಿತ ಸದಸ್ಯರಾಗಿ ಇಪ್ಪತ್ತು ವರ್ಷ ದುಡಿದರು. 2011ರ ಜುಲೈಯಲ್ಲಿ ಅವರ ಪಾರ್ಥಿವ ಶರೀರವನ್ನು ವಿಯೆನ್ನಾದ ಕಪುಚಿನ್ ಸಂನ್ಯಾಸಿಗಳ ಸಮಾಧಿಮಂದಿರಕ್ಕೆ ತಂದಾಗ ಸಂಪ್ರದಾಯದಂತೆ ಬಾಗಿಲು ತಟ್ಟಲಾಯಿತು. ಬಂದವರಾರೆಂದು ಒಳಗಿನಿಂದ ಪ್ರಶ್ನೆ ಬಂದಿತು. ವಂಶದ ಬಿರುದುಗಳನ್ನೆಲ್ಲ ಹೇಳಿದರೂ ತಾವರಿಯೆವೆಂದರು ಸಂನ್ಯಾಸಿಗಳು. ಮತ್ತೆ ತಟ್ಟಿ, ಸ್ವಂತ ಸಾಧನೆಗಳನ್ನೂ ಪದವಿಗಳನ್ನೂ ಹೇಳಿದರು. ಆಗಲೂ ಅದೇ ಉತ್ತರ. ಮೂರನೆಯ ಬಾರಿ, ಪಾಪಗಳುಳ್ಳ ಒಬ್ಬ ಮರ್ತ್ಯನೆಂದು ಮಾತ್ರ ಹೇಳಿದಾಗ ಬಾಗಿಲು ತೆರೆಯಿತು.

ಹುಟ್ಟಿನ ಹಿರಿಮೆಯನ್ನು ಒಪ್ಪದ ಶರಣಪರಂಪರೆಯಲ್ಲಿ ಬೆಳೆದ ನಮಗೆ ಆ ಬಾಗಿಲಿನ ನ್ಯಾಯ ಅಪರಿಚಿತವಲ್ಲ. ಜನ್ಮವನ್ನೇ ಅಧಿಕಾರವೆಂದು ನಂಬಿ, ನೆಲವನ್ನೂ ನೆಲದ ಮಕ್ಕಳನ್ನೂ ಬಳುವಳಿಯಾಗಿ ಹಂಚಿಕೊಂಡ ವಂಶವೊಂದು ಅದನ್ನು ಅರಿಯಲು ಆರೂವರೆ ಶತಮಾನ ತೆಗೆದುಕೊಂಡಿತು.